ಆರ್ವೋನ ಸರದಿ

ಲೆಂಪಿ ಹಾರ್ಯುಲ ಸಿಟ್ಟು ಬಂದರೆ ಕೂಗಾಡುವವಳಲ್ಲ. ಕಾಫಿ ಕೊಡುವುದನ್ನು ನಿಲ್ಲಿಸುತ್ತಾಳೆ, ಅಷ್ಟೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಬಹಿಷ್ಕಾರ ಇಲ್ಲ. ಒಡಹುಟ್ಟಿದ ತಮ್ಮ ರೇಯ್ನೋನಿಗೇ ಅವಳು ಹಾಗೆ ಮಾಡಿದಳು. ಅರ್ಧ ಕುಡಿದ ಬಟ್ಟಲನ್ನು ಅವನ ಮುಂದಿನಿಂದ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು. ನಾನು ಎದುರಿಗೇ ಕೂತಿದ್ದೆ. ಕಚ್ಚಿದ್ದ ಏಲಕ್ಕಿ ಬನ್ನನ್ನು ತಟ್ಟೆಗೆ ಇಟ್ಟುಬಿಟ್ಟೆ.

ಎಲ್ಲಕ್ಕೂ ಮೂಲ ಆ ಹಾಳು ತಾಮ್ರ. ನಮ್ಮೂರು ಮಿನೆಸೋಟದ ಉತ್ತರ ತುದಿಯಲ್ಲಿದೆ. ಊರು ಮುಗಿಯಿತೆಂದರೆ ಕಾಡು, ಕಾಡಿನೊಳಗೆ ಲೆಕ್ಕವಿಲ್ಲದ ಕೆರೆಗಳು, ಒಂದರ ನೀರು ಇನ್ನೊಂದಕ್ಕೆ ಹರಿಯುತ್ತದೆ. ಅದು ಕಾಯ್ದಿಟ್ಟ ಕಾಡು. ಅಲ್ಲಿ ಮೋಟಾರು ಕೂಡದು, ಮನೆ ಕೂಡದು, ಮರ ಕಡಿಯುವುದು ಕೂಡದು. ಹುಟ್ಟು ಹಾಕಿಕೊಂಡು ದೋಣಿಯಲ್ಲಿ ಹೋಗಬೇಕು, ಹಾಗೇ ಬರಬೇಕು. ಅದರ ಮಗ್ಗುಲಲ್ಲೇ ತಾಮ್ರದ ಗಣಿ ತೆಗೆಯುತ್ತೇವೆಂದು ಒಂದು ಕಂಪನಿ ಬಂದು ನೆಲ ಕೊರೆದು ನೋಡತೊಡಗಿತು. ಆ ಕಲ್ಲಿನಲ್ಲಿ ಗಂಧಕ ಇದೆ, ಮಳೆ ಬಿದ್ದರೆ ನೀರೆಲ್ಲ ಹುಳಿಯಾಗುತ್ತದೆ, ಮೀನು ಸಾಯುತ್ತದೆ ಎಂದರು ಒಬ್ಬರು. ಕಬ್ಬಿಣದ ಗಣಿ ಮುಚ್ಚಿದ ಮೇಲೆ ಊರೇ ಸತ್ತಿದೆ, ಮೀನಿಗಿಂತ ಮೊದಲು ನಮ್ಮ ಮಕ್ಕಳನ್ನು ಬದುಕಿಸಿ ಎಂದರು ಇನ್ನೊಬ್ಬರು. ಅಂಗಳ ಅಂಗಳದಲ್ಲಿ ಹಲಗೆ ಎದ್ದವು. 'ಗಣಿಯೇ ಅನ್ನ' ಎಂದು ಒಬ್ಬನದು, 'ನೀರು ಮೊದಲು' ಎಂದು ಪಕ್ಕದವನದು. ನಮ್ಮೂರ ನಾಯಿಗಳೂ ಹಲಗೆ ನೋಡಿ ಬೊಗಳುವುದನ್ನು ಕಲಿತವು. ನನ್ನ ಅಂಗಳದಲ್ಲಿ ಮಾತ್ರ 'ಮೊಟ್ಟೆ ಸಿಗುತ್ತದೆ' ಎಂಬ ಹಲಗೆ ಇತ್ತು. ಎರಡು ಕಡೆಯವರೂ ಮೊಟ್ಟೆ ತಿನ್ನುತ್ತಾರಲ್ಲ!

ಆ ದಿನ ಲೆಂಪಿಯ ಅಡುಗೆಮನೆಯಲ್ಲಿ ರೇಯ್ನೋ ಗಣಿಯ ಪರವಾಗಿ ಜೋರಾಗಿ ಮಾತಾಡುತ್ತಿದ್ದ. ಅವನ ಬಾಯಿಗೆ ಬೀಗ ಇಲ್ಲ. ಮಾತಿನ ಭರದಲ್ಲಿ ಅಂದುಬಿಟ್ಟ:

"ಆರ್ವೋ ಬಾವ ಇದ್ದಿದ್ರೆ ಗಣಿ ಕೆಲಸಕ್ಕೆ ಮೊದಲನೇ ಅರ್ಜಿ ಅವನದೇ ಆಗಿರ್ತಿತ್ತು ಅಕ್ಕ."

ಆರ್ವೋ ಲೆಂಪಿಯ ಗಂಡ. ಐವತ್ತು ವರ್ಷದ ಹಿಂದೆ ಹೆರಿಯೆಟ್ ಎಂಬ ಕಬ್ಬಿಣದ ಗಣಿಯಲ್ಲಿ ಸತ್ತವನು.

"ಸತ್ತವನ ಬಾಯಿಗೆ ನಿನ್ನ ಮಾತು ತುರುಕಬೇಡ," ಅಂದಳು ಲೆಂಪಿ.

"ಅವನ ಜೊತೆ ಕೆಳಗೆ ಇಳಿದವನು ನಾನು. ನೀನಲ್ಲ."

"ಹೌದು ಕಣೋ. ಇಳಿದವರು ಇಬ್ಬರು, ಹತ್ತಿ ಬಂದವನು ನೀನೊಬ್ಬ."

ಅಯ್ಯೋ ದೇವರೇ! ಐವತ್ತು ವರ್ಷ ಯಾರೂ ಆಡದ ಮಾತು ಅದು. ಮೇಲಿದ್ದ ಜೌಗು ಕುಸಿದು ಕೆಸರು ಗಣಿಯೊಳಗೆ ನುಗ್ಗಿದಾಗ ರೇಯ್ನೋ ಏಣಿಯಲ್ಲಿ ಮುಂದಿದ್ದ, ಆರ್ವೋ ಹಿಂದೆ ಇದ್ದ. ಹಿಂದೆಯೇ ಬರುತ್ತಿದ್ದಾನೆ ಎಂದುಕೊಂಡು ರೇಯ್ನೋ ಹತ್ತಿದ. ಮೇಲೆ ಬಂದು ತಿರುಗಿ ನೋಡಿದರೆ ಏಣಿ ಖಾಲಿ. ಹೆಣವೂ ಸಿಗಲಿಲ್ಲ. ಆಮೇಲೆ ಕಂಪನಿ ಪಂಪು ನಿಲ್ಲಿಸಿತು, ಗುಂಡಿಯಲ್ಲಿ ನೀರು ತುಂಬಿತು, ಈಗ ಅಲ್ಲಿ ಪೇಟೆಯವರು ಮೀನು ಹಿಡಿಯುತ್ತಾರೆ. ನಾನು ಆ ಮೀನು ತಿನ್ನುವುದಿಲ್ಲ.

ರೇಯ್ನೋ ಕೋಟು ತೊಟ್ಟು ಹೊರಗೆ ಹೋದ. ಅವತ್ತಿನಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ನಾನು ಇವಳಿಗೆ ಹೇಳಿದೆ, ಅವನಿಗೂ ಹೇಳಿದೆ. ಇವರು ಫಿನ್ಲೆಂಡಿನ ಕಡೆಯವರು, ಫಿನ್ನರ ಹಟ ಗೊತ್ತಲ್ಲ, ಹಿಡಿದ ಮೊಲಕ್ಕೆ ಮೂರೇ ಕಾಲು. ನಾವು ಸ್ಲೊವೀನಿಯದವರು ಜಗಳ ಆಡಿದರೆ ತಟ್ಟೆ ಒಡೆದು, ಅತ್ತು, ಸಂಜೆಗೆ ಒಟ್ಟಿಗೆ ಊಟ ಮಾಡುತ್ತೇವೆ. ಇವರು ತಟ್ಟೆ ಒಡೆಯುವುದಿಲ್ಲ. ಮಾತೂ ಆಡುವುದಿಲ್ಲ.

ಲೆಂಪಿಯ ಮನೆಯ ಹಿಂದೆ ಕೆರೆಯಂಚಿನಲ್ಲಿ ಅವಳಪ್ಪ ದಿಮ್ಮಿ ಜೋಡಿಸಿ ಕಟ್ಟಿದ ಸೌನಾ ಇದೆ. ಬಿಸಿಗಲ್ಲಿಗೆ ನೀರೆರಚಿ ಆವಿಯಲ್ಲಿ ಬೆವರಿ ಮೀಯುವ ಮನೆ. ಲೆಂಪಿ, ರೇಯ್ನೋ ಇಬ್ಬರೂ ಹುಟ್ಟಿದ್ದು ಅದರೊಳಗೆ, ಕೂತು ಬೆವರುವ ಹಲಗೆಯ ಮೇಲೆ. ಅವರಮ್ಮ ಸತ್ತಾಗ ಮೀಯಿಸಿದ್ದೂ ಅದೇ ಹಲಗೆಯ ಮೇಲೆ. ಹುಟ್ಟಿದವರಿಗೂ ಸತ್ತವರಿಗೂ ಅಲ್ಲಿಯದೇ ನೀರು. ಆರ್ವೋನಿಗೆ ಮಾತ್ರ ಆ ನೀರು ಸಿಗಲಿಲ್ಲ. ಮೈಯೇ ಸಿಗದಿದ್ದರೆ ಮೀಯಿಸುವುದು ಯಾರನ್ನು? ಲೆಂಪಿಗೆ ಗಂಡ ಸತ್ತದ್ದಕ್ಕಿಂತ ಅವನು ಕೆಸರಿನಲ್ಲೇ ಉಳಿದದ್ದು ಹೆಚ್ಚು ಸುಡುತ್ತಿತ್ತು.

ಅವರಲ್ಲಿ ಹಳೆಯ ಪದ್ಧತಿ ಒಂದಿದೆ. ಶನಿವಾರ ಎಲ್ಲರೂ ಮಿಂದಾದ ಮೇಲೆ ಕಲ್ಲಿಗೆ ಕಡೆಯದಾಗಿ ಒಂದು ಸೌಟು ನೀರು ಹಾಕಿ, ಕೆರೆಯ ಕಡೆಯ ಬಾಗಿಲಿನ ಅಗುಳಿ ತೆಗೆದಿಟ್ಟು ಹೊರಗೆ ಬರಬೇಕು. ಅದು ಸತ್ತವರ ಸರದಿ. ಮನೆಯವರು ಬಟ್ಟೆ ತೊಡುವ ಹೊರಕೋಣೆಯಲ್ಲಿ ಒಟ್ಟಿಗೆ ಕೂತು ಕಾಫಿ ಕುಡಿಯುತ್ತ ಕಾಯಬೇಕು. ಅಷ್ಟು ಹೊತ್ತು ಬಾಗಿಲು ತೆರೆದು ನೋಡಬಾರದು. ನೋಡಿದರೆ ಅವರು ಮತ್ತೆ ಬರುವುದಿಲ್ಲ. ಈಗಿನ ಹುಡುಗರು ಇದನ್ನೆಲ್ಲ ಬಿಟ್ಟಿದ್ದಾರೆ. ಲೆಂಪಿ ಒಂದು ಶನಿವಾರವೂ ಬಿಟ್ಟವಳಲ್ಲ. ತಮ್ಮ ಬರುವುದು ನಿಂತ ಮೇಲೆ ಹೊರಕೋಣೆಯಲ್ಲಿ ಅವಳ ಜೊತೆ ಕೂರಲು ನಾನೊಬ್ಬಳೇ ಉಳಿದೆ.

ಜಗಳವಾದ ವರ್ಷದ ಶರತ್ಕಾಲ. ಕೆರೆಯ ಆಚೆ ದಡದಲ್ಲಿ ಕಂಪನಿಯ ಕೊರೆಯುವ ಯಂತ್ರ ಶುರುವಾಗಿತ್ತು. ಹಗಲೆಲ್ಲ ಹಲ್ಲು ಕೊರೆಯುವ ಸದ್ದು. ಶನಿವಾರ ಸಂಜೆ ಅದು ನಿಂತಿತ್ತು. ನಾವಿಬ್ಬರೂ ಮಿಂದು, ತಲೆಗೆ ಟವೆಲು ಸುತ್ತಿಕೊಂಡು ಕಾಫಿ ಕುಡಿಯುತ್ತಿದ್ದೆವು. ಒಳಗೆ ಕಲ್ಲು ಚುಂಯ್ ಎಂದಿತು.

ಲೆಂಪಿ ನನ್ನ ಮಣಿಕಟ್ಟು ಹಿಡಿದಳು. "ಕೇಳಿಸ್ತಾ?"

"ಕಲ್ಲು ಆರ್ತಾ ಇದೆ, ಬಿಡೇ."

ಮತ್ತೊಮ್ಮೆ ಚುಂಯ್. ಆಮೇಲೆ ಹಲಗೆ ಕಿರ್ ಎಂದಿತು, ಭಾರದ ಮನುಷ್ಯ ಕೂತ ಹಾಗೆ. ಆಮೇಲೆ ಒಂದು ನಿಟ್ಟುಸಿರು. ನಾನು ಹೆದರಿ ಶಿಲುಬೆಯ ಗುರುತು ಹಾಕಿಕೊಂಡೆ. ಲೆಂಪಿ ಹೆದರಲಿಲ್ಲ. ಅವಳ ಮುಖದಲ್ಲಿ ಕಂಡದ್ದನ್ನು ನಾನು ಅವಳ ಮದುವೆಯ ದಿನ ಬಿಟ್ಟರೆ ಇನ್ನೆಂದೂ ಕಂಡಿರಲಿಲ್ಲ.

"ಆರ್ವೋ?" ಅಂದಳು ಗೋಡೆಗೆ.

ಒಳಗೆ ಎಲ್ಲ ಸ್ತಬ್ಧ. ಬಹಳ ಹೊತ್ತಿನ ಮೇಲೆ ಒಂದು ಸೌಟು ನೀರು ಬಿತ್ತು.

ಅಂದಿನಿಂದ ಅವಳು ಬೇರೆಯೇ ಲೆಂಪಿ. ಶನಿವಾರ ಬಂತೆಂದರೆ ತಲೆ ನೀಟಾಗಿ ಬಾಚಿಕೊಳ್ಳುವುದೇನು, ನೀಲಿ ಉಡುಪು ತೊಡುವುದೇನು! ಗೋಡೆಗೆ ಬೆನ್ನು ಕೊಟ್ಟು ಕೂತು ಗಂಡನ ಜೊತೆ ವಾರದ ಸುದ್ದಿಯೆಲ್ಲ ಮಾತಾಡುತ್ತಿದ್ದಳು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಕಾರು ಜಿಂಕೆಗೆ ಗುದ್ದಿತು, ಪಾದ್ರಿಯ ಹೊಸ ಹಲ್ಲುಸೆಟ್ಟು ಹೇಗೆ ಜಾರುತ್ತದೆ. ನಡುನಡುವೆ ತಮ್ಮನಿಗೆ ಬೈಗುಳ. "ನಿನ್ನ ಬಾಮೈದ ಈಗ ದೊಡ್ಡ ಮನುಷ್ಯ ಆರ್ವೋ. ಕಂಪನಿಯವರ ನೀಲಿ ಟೋಪಿ ಹಾಕ್ಕೊಂಡು ಓಡಾಡ್ತಾನೆ. ತಲೆಯೊಳಗೆ ಏನೂ ಇಲ್ಲ, ಮೇಲೆ ಟೋಪಿ ಇದೆ." ಒಳಗೆ ಕಲ್ಲು ಚುಂಯ್ ಎನ್ನುತ್ತಿತ್ತು.

ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು? ನಾನೇ ಇಬ್ಬರಿಗೆ ಹೇಳಿದ್ದೆ, ಯಾರಿಗೂ ಹೇಳಬೇಡಿ ಎಂದು ಸೇರಿಸಿ. ಸತ್ತ ಆರ್ವೋನಿಗೂ ಕಾಫಿ ಅಂಗಡಿಯಲ್ಲಿ ಪಕ್ಷ ಹಚ್ಚಿದರು. ಭೂಮಿ ಕೊರೆಯುವುದನ್ನು ಸಹಿಸಲಾಗದೆ ಎದ್ದು ಬಂದಿದ್ದಾನೆ ಎಂದರು ನೀರಿನವರು. ಗಣಿಯವರ ಮುಖಂಡ ಬ್ಯಾಬಿಚ್ ಬಿಡುತ್ತಾನೆಯೇ? "ಕೆಲಸ ಸಿಗುತ್ತೆ ಅಂತ ವಾಸನೆ ಹಿಡ್ಕೊಂಡು ಬಂದಿದಾನೆ ಕಣ್ರೋ. ಅವನು ಕೆಲಸಗಾರ! ನಿಮ್ಮ ಹಾಗೆ ದೋಣಿ ಬಾಡಿಗೆ ಕೊಟ್ಟು ಬದುಕೋನಲ್ಲ." ಇದಕ್ಕೆ ಮುಷ್ಟಿಯೂ ಎತ್ತಿದರು. ಬದುಕಿದ್ದಾಗ ಯಾರೂ ಕೇಳದ ಆರ್ವೋನ ಅಭಿಪ್ರಾಯ ಈಗ ಎಲ್ಲರಿಗೂ ಬೇಕಾಗಿತ್ತು.

ಮರುವರ್ಷ ಬೇಸಿಗೆಯಲ್ಲಿ, ಒಂದು ಶನಿವಾರ ನಾನು ಸೌನಾಕ್ಕೆ ಹೋಗದೆ ಕೆರೆಯಂಚಿನಲ್ಲಿ ನೀಲಿಹಣ್ಣು ಕೀಳುತ್ತಿದ್ದೆ. ಬೇಸಿಗೆಯಲ್ಲಿ ನಮ್ಮಲ್ಲಿ ರಾತ್ರಿ ಊಟದ ಹೊತ್ತಿಗೂ ಚೆನ್ನಾಗಿ ಬಿಸಿಲಿರುತ್ತದೆ. ಸೀಡರ್ ಪೊದೆಯ ಹಿಂದೆ ಒಂದು ದೋಣಿ ಕಟ್ಟಿತ್ತು. ಅದರ ಮೂತಿಯ ಮೇಲಿನ ಹಸಿರು ಬಣ್ಣ ನನಗೆ ಗೊತ್ತು. ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಸೌನಾದ ಕೆರೆಬಾಗಿಲಿನಿಂದ, ಕೆಂಪಗೆ ಬೆಂದ ಸೀಗಡಿಯಂತೆ, ಒದ್ದೆ ತಲೆಯ ರೇಯ್ನೋ ಕಳ್ಳಬೆಕ್ಕಿನ ಹೆಜ್ಜೆ ಇಡುತ್ತ ಬಂದ.

"ಓಹೋ! ಬಾರಪ್ಪ ದೆವ್ವ," ಅಂದೆ.

ಅವನ ಕೈಯಲ್ಲಿದ್ದ ಟವೆಲು ನೀರಿಗೆ ಬಿತ್ತು. "ಮಿಟ್ಸಿ... ಮೆಲ್ಲಗೆ ಮಾತಾಡು, ನಿನ್ನ ಕಾಲಿಗೆ ಬೀಳ್ತೀನಿ."

"ನಾಚಿಕೆ ಆಗಲ್ವೇನೋ? ಅಲ್ಲಿ ನಿನ್ನ ಅಕ್ಕ, ಗಂಡ ಬಂದ ಅಂತ ತಲೆ ಬಾಚ್ಕೊಂಡು ಕೂತಿದಾಳೆ!"

ಅವನು ದೋಣಿಯಂಚಿನಲ್ಲಿ ಕುಸಿದು ಕೂತ. ಜಗಳವಾದ ಮೇಲೆ ಒಂದಿಷ್ಟು ದಿನ ತಾನಿರುವ ಮುದುಕರ ವಸತಿಯ ಷವರಿನಲ್ಲೇ ಮಿಂದನಂತೆ. "ಅದೂ ಒಂದು ಸ್ನಾನವಾ? ಕೋಳಿಗೆ ನೀರು ಚಿಮುಕಿಸಿದ ಹಾಗೆ. ಮೂಳೆಯೊಳಗೆ ಚಳಿ ಕೂತುಬಿಡ್ತು ಮಿಟ್ಸಿ. ನಾನು ಹುಟ್ಟಿದ ಜಾಗ ಅದು. ಅಕ್ಕನ ಮುಖ ನೋಡದೆ ಒಂದ್ಸಲ ಮಿಂದು ಹೋಗೋಣ, ಕಡೆಯ ಸರದೀಲಿ ಯಾರೂ ಇರಲ್ಲ ಅಂತ ಬಂದೆ. ಅವಳು ಗೋಡೆಯಾಚೆಯಿಂದ 'ಆರ್ವೋ' ಅಂದ್ಲು. ನಾನು ಏನಂತ ಹೇಳ್ಲಿ? ಅಲ್ಲ ಅಕ್ಕ, ಸತ್ತವನು ಬರಲಿಲ್ಲ, ಹತ್ತಿ ಬಂದವನೇ ಮತ್ತೆ ಬಂದಿದೀನಿ ಅನ್ಲಾ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬಿಸಿ ತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

"ಒಂದ್ಸಲ ಬಂದೆ ಸರಿ. ಆಮೇಲೆ ಯಾಕೆ ಬಂದೆ?"

"ಬರದೆ ಹೋದ್ರೆ ಅವಳು ಕಾಯ್ತಾಳಲ್ಲ," ಅಂದ. "ಮತ್ತೆ... ಅವಳು ಮಾತಾಡ್ತಾಳೆ ಮಿಟ್ಸಿ. ನನ್ನನ್ನ ಬೈತಾಳೆ, ಆದ್ರೂ ಮಾತಾಡ್ತಾಳೆ."

ನಾನು ಯಾರಿಗೂ ಹೇಳಲಿಲ್ಲ. ಈ ಸಲ ನಿಜವಾಗಿ. ಆದರೆ ಅಲ್ಲಿಂದ ಮುಂದೆ ಶನಿವಾರದ ಕಾಫಿ ನನಗೆ ರುಚಿಸಲಿಲ್ಲ. ದೆವ್ವ ಎಂದುಕೊಂಡಿದ್ದಾಗಲೂ ಅಷ್ಟು ಹೆದರಿರಲಿಲ್ಲ. ಗೋಡೆಯ ಈಚೆ ಎಂಬತ್ತರ ಹತ್ತಿರದ ಅಕ್ಕ, ಆಚೆ ಅವಳಿಗಿಂತ ಸ್ವಲ್ಪವೇ ಚಿಕ್ಕ ತಮ್ಮ. ಇಬ್ಬರಿಗೂ ಇನ್ನೆಷ್ಟು ಶನಿವಾರ ಉಳಿದಿವೆ? ಒಬ್ಬರು ಹೋಗುವ ಮೊದಲು ಈ ಗೋಡೆ ಬೀಳಲಿ ದೇವರೇ ಎಂದು ಚರ್ಚಿನಲ್ಲಿ ಮೇಣದ ಬತ್ತಿಯನ್ನೂ ಹಚ್ಚಿದೆ.

ಅಷ್ಟರಲ್ಲಿ ಸರ್ಕಾರದವರ ಅಹವಾಲು ಸಭೆ ಬಂತು. ಶಾಲೆಯ ಆಟದ ಹಜಾರದಲ್ಲಿ ಕುರ್ಚಿ ಹಾಕಿದ್ದರು. ಎಡಗಡೆ ನೀಲಿ ಟೋಪಿಯವರು, ಬಲಗಡೆ ಹಸಿರು ಅಂಗಿಯವರು, ನಡುವೆ ಶವಯಾತ್ರೆಗೆ ಬಿಟ್ಟಂತೆ ದಾರಿ. ಒಬ್ಬೊಬ್ಬರಿಗೆ ಮೂರು ನಿಮಿಷ. ಮೇಜಿನ ಮೇಲೊಂದು ದೀಪ, ಹಸಿರು ಹೊತ್ತಿದರೆ ಮಾತಾಡಬೇಕು, ಕೆಂಪು ಹೊತ್ತಿದರೆ ಬಾಯಿ ಮುಚ್ಚಬೇಕು. ಇಲ್ಲಿನ ಮೂಲನಿವಾಸಿ ಒಜಿಬ್ವೆ ಜನರ ಅಜ್ಜಿಯೊಬ್ಬಳು ಕೆರೆಯಲ್ಲಿ ಬೆಳೆಯುವ ಕಾಡುಭತ್ತದ ಬಗ್ಗೆ ಹೇಳಿದಳು, ನಿಮ್ಮ ಊರು ಹುಟ್ಟುವ ಮೊದಲಿನಿಂದ ನಾವು ಈ ನೀರಿನಿಂದ ಉಣ್ಣುತ್ತಿದ್ದೇವೆ ಎಂದಳು. ಲಾರಿ ಓಡಿಸುವ ಹುಡುಗನೊಬ್ಬ, ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ತಾಮ್ರ ಇಲ್ಲವೇ, ಅದು ಯಾರ ಊರು ಅಗೆದು ತಂದದ್ದು ಎಂದು ಕೇಳಿದ. ಇಬ್ಬರ ಮಾತಿಗೂ ನನ್ನ ತಲೆ ಆಡಿತು. ನನ್ನಂಥವಳಿಂದ ಸರ್ಕಾರಕ್ಕೆ ಏನು ಉಪಯೋಗ!

ಆಗ ಲೆಂಪಿಯ ಹೆಸರು ಕರೆದರು. ನನಗೂ ಹೇಳದೆ ಹೆಸರು ಕೊಟ್ಟಿದ್ದಳು. ಜನ್ಮದಲ್ಲಿ ನಾಲ್ಕು ಜನರೆದುರು ಬಾಯಿ ತೆರೆದವಳಲ್ಲ. ನೀಲಿ ಉಡುಪು ತೊಟ್ಟು ಬಂದಿದ್ದಳು.

"ನನ್ನ ಗಂಡ ಹೆರಿಯೆಟ್ ಗಣಿಯಲ್ಲಿದಾನೆ. ಹೋಗಿ ಐವತ್ತು ವರ್ಷ ಆಯ್ತು. ನೀವು ಕೊರೆಯೋಕೆ ಶುರು ಮಾಡಿದಾಗಿನಿಂದ ಶನಿವಾರ ಶನಿವಾರ ಮೀಯೋಕೆ ಬರ್ತಿದಾನೆ. ಏನೂ ಮಾತಾಡಲ್ಲ. ಅವನಿಗೆ ಅಲ್ಲಿ ನೆಮ್ಮದಿ ಇಲ್ಲ. ಈ ನೆಲದ ಕೆಳಗೆ ಇನ್ನೊಂದು ತಲೆಮಾರನ್ನ ಇಳಿಸಬೇಡಿ. ಅವನು ಮೀಯೋ ನೀರನ್ನೂ ಕೆಡಿಸಬೇಡಿ. ನನಗೆ ಗೊತ್ತಿರೋದು ಇಷ್ಟೇ."

ಎಡಗಡೆಯಿಂದ ಯಾವನೋ ಕೂಗಿದ: "ದೆವ್ವಕ್ಕೂ ಮೂರು ನಿಮಿಷ ಕೊಡ್ರಪ್ಪ!" ಟೋಪಿಗಳೆಲ್ಲ ನಕ್ಕವು. ಬಲಗಡೆಯಲ್ಲೂ ಕೆಲವರು ಕರವಸ್ತ್ರದೊಳಗೆ ನಕ್ಕರು, ನಾನು ನೋಡಿದೆ. ಲೆಂಪಿಗೆ ತಿರುಗಿ ಕುರ್ಚಿಗೆ ಬರುವ ದಾರಿಯೇ ತಿಳಿಯಲಿಲ್ಲ. ನಾನು ಎದ್ದು ಹೋಗಿ ಕೈ ಹಿಡಿದು ಕರೆತಂದೆ.

ಮುಂದಿನ ಹೆಸರು ರೇಯ್ನೋನದು. ಒಂದೇ ಮಾತು ಸಾಕಿತ್ತು ಅವನಿಗೆ: ಅಲ್ಲಿಗೆ ಬರುವವನು ನಾನು. ಅಕ್ಕನ ಅಹವಾಲು ಊರ ನಗೆಪಾಟಲಾಗುತ್ತಿತ್ತು, ಅವನ ಪಕ್ಷ ಗೆಲ್ಲುತ್ತಿತ್ತು. ಬ್ಯಾಬಿಚ್ ಅವನ ಬೆನ್ನು ತಟ್ಟಿ ಕಳಿಸಿದ.

ರೇಯ್ನೋ ಟೋಪಿ ತೆಗೆದ. ಅವನ ಪಕ್ಷದವರು ಬರೆದುಕೊಟ್ಟಿದ್ದ ಕಾಗದ ಜೇಬಿನಲ್ಲೇ ಇತ್ತು. ಹಸಿರು ದೀಪ ಹೊತ್ತಿತು.

"ಆ ದಿನ ಆರ್ವೋ ನನ್ನ ಹಿಂದೆ ಇದ್ದ," ಅಂದ. "ನಾನು ತಿರುಗಿ ನೋಡಲಿಲ್ಲ. ಅವನು ಬರ್ತಾನೆ ಅಂತ ನನ್ನ ಅಕ್ಕ ಹೇಳಿದ್ರೆ, ಬರ್ತಾನೆ. ಇನ್ನು ಯಾರಾದ್ರೂ ನಕ್ಕರೆ ಹೊರಗೆ ಬನ್ರೋ, ಹಲ್ಲು ಉದುರಿಸ್ತೀನಿ."

ಇಷ್ಟು ಹೇಳಿ ಬಂದು ಕೂತ. ಬ್ಯಾಬಿಚ್ ಎದ್ದು ಬೇರೆ ಕುರ್ಚಿಗೆ ಹೋದ. ಲೆಂಪಿ ನೇರ ಮುಂದೆ ನೋಡುತ್ತಿದ್ದಳು.

ಆ ಶನಿವಾರ ಮಿಂದಾದ ಮೇಲೆ ಅವಳು ಗೋಡೆಗೆ ಬೆನ್ನು ಕೊಡದೆ, ಗೋಡೆಯ ಕಡೆ ಮುಖ ಮಾಡಿ ಕೂತಳು. ಒಳಗೆ ಹಲಗೆ ಕಿರ್ ಎಂದಾಗ ಹೇಳಿದಳು:

"ಆರ್ವೋ, ರೇಯ್ನೋ ನಿನ್ನ ಪರ ನಿಂತ. ಊರೆಲ್ಲರೆದುರು. ನಾನು ಅವನಿಗೆ ಆಡಬಾರದ ಮಾತು ಆಡಿದೀನಿ. ಏಣಿಯ ಮಾತು. ನನ್ನ ಬಾಯಲ್ಲಿ ಅವನಿಗೆ ಹೇಳೋಕೆ ಆಗಲ್ಲ, ನಮ್ಮ ವಂಶ ಗೊತ್ತಲ್ಲ ನಿನಗೆ. ಅವನ ಕನಸಿಗಾದ್ರೂ ಹೋಗಿ ನೀನೇ ಹೇಳು. ಮುಂದಿನ ಶನಿವಾರ ಮುಂಬಾಗಿಲಿಂದ ಬರಲಿ. ಮೊದಲು ಅವನೇ ಮೀಯಲಿ. ಆಮೇಲೆ ಇಲ್ಲಿ ನನ್ನ ಪಕ್ಕ ಕೂತ್ಕೊಳ್ಳಲಿ, ಇಬ್ಬರೂ ನಿನಗೆ ಕಾಯ್ತೀವಿ."

ನನಗೆ ಕುಣಿಯಬೇಕು ಅನಿಸಿತು. ಕಾಫಿ ಬಟ್ಟಲು ಅಲ್ಲೇ ಇಟ್ಟು, ಹೊಟ್ಟೆನೋವು ಎಂದು ಸುಳ್ಳು ಹೇಳಿ, ಪೊದೆಯ ಹಿಂದಿನ ದೋಣಿಯ ಹತ್ತಿರ ಓಡಿದೆ.

ರೇಯ್ನೋ ಬರುವಾಗ ಕಣ್ಣು ಉಜ್ಜಿಕೊಳ್ಳುತ್ತಿದ್ದ.

"ಕೇಳಿಸ್ಕೊಂಡೆಯಲ್ಲ! ಮುಂದಿನ ವಾರ ಒಳ್ಳೇ ಅಂಗಿ ಹಾಕ್ಕೊಂಡು ಮುಂಬಾಗಿಲಿಂದ ಬಾ. ಮುಗೀತು ಜಗಳ," ಅಂದೆ.

"ಬಂದು?"

"ಬಂದು ಮಿಂದು, ಅವಳ ಪಕ್ಕ ಕೂತು ಕಾಫಿ ಕುಡಿ!"

"ನಾನು ಅವಳ ಪಕ್ಕ ಕೂತ್ರೆ," ಅಂದ ರೇಯ್ನೋ, "ಒಳಗೆ ಯಾರಿರ್ತಾರೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

"ಅಲ್ಲೇ ಇಬ್ಬರೂ ಕಿವಿ ಕೊಟ್ಟು ಕಾಯ್ತೀವಿ ಮಿಟ್ಸಿ. ಕಲ್ಲು ಸುಮ್ಮನಿರುತ್ತೆ. ನಾನು ಬಂದ ದಿನವೇ ಆರ್ವೋ ಬರೋದು ನಿಲ್ಲಿಸಿದ ಅಂತ ಅವಳಿಗೆ ಗೊತ್ತಾಗುತ್ತೆ. ಒಂದು ಸಲ ಅವಳ ಗಂಡನ್ನ ಕೆಳಗೆ ಬಿಟ್ಟು ಬಂದಿದೀನಿ. ಇನ್ನೊಂದು ಸಲ ಬಿಟ್ಟು ಬರ್ಲಾ?"

ನಾನು ಬೈದೆ, ಅತ್ತೆ, ನಿಜ ಹೇಳಿಬಿಡು ಎಂದೆ, ನಾನೇ ಹೇಳುತ್ತೇನೆ ಎಂದೆ. ಅವನು ಹುಟ್ಟು ಎತ್ತಿಕೊಂಡು ಹೋದ.

ಮುಂದಿನ ಶನಿವಾರ ಲೆಂಪಿ ಬೆಳಗ್ಗೆಯೇ ಒಲೆ ಹಚ್ಚಿದಳು. ಆವಿಯಲ್ಲಿ ಮೈಗೆ ಬಡಿದುಕೊಳ್ಳಲು ಹೊಸ ಬರ್ಚ್ ಎಲೆಯ ಕಟ್ಟು ಕಟ್ಟಿದಳು, ತಮ್ಮನಿಗೆ ಇಷ್ಟವಾದ ಸಾಸೇಜು ಸುಟ್ಟಳು, ಟವೆಲು ಮಡಿಸಿಟ್ಟಳು. ದಾರಿ ಕಡೆಯ ಕಿಟಕಿಗೆ ಎಷ್ಟು ಸಲ ಹೋದಳೋ. ಮೊದಲು ಅವನೇ ಮೀಯಬೇಕೆಂದು ಅವಳೂ ಮೀಯಲಿಲ್ಲ, ನನ್ನನ್ನೂ ಬಿಡಲಿಲ್ಲ. ಒಲೆ ತಗ್ಗುತ್ತ ಬಂತು. ಕಡೆಗೆ ಎದ್ದು ಒಳಗೆ ಹೋಗಿ ಆ ಒಂದು ಸೌಟು ನೀರು ಹಾಕಿ, ಅಗುಳಿ ತೆಗೆದಿಟ್ಟು ಬಂದು ಕೂತಳು.

ಹೇಳಿಬಿಡಬೇಕೆಂದು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಹಲಗೆ ಕಿರ್ ಎಂದಿತು. ಅವಳ ಮುಖ ನೋಡಿದೆ. ಹೇಳಲಾಗಲಿಲ್ಲ.

"ಅವನು ಬರಲಿಲ್ಲ ಆರ್ವೋ," ಅಂದಳು ಲೆಂಪಿ. ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು. "ನೀನು ಹೇಳಿದ್ರೂ ಬರಲಿಲ್ಲ ನೋಡು. ಇರಲಿ ಬಿಡು. ನೀನು ಬಂದೆಯಲ್ಲ."

ಒಳಗೆ ಕಲ್ಲಿನ ಮೇಲೆ ಒಂದು ಸೌಟು ನೀರು ಬಿತ್ತು.